ಬಾಡು ಬಿಡಬೇಕಾ, ಕಮ್ಮಿ ಮಾಡಿದರೆ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದಿಂದ ಬಾಡು ಕಮ್ಮಿ ಮಾಡುತ್ತಾ ಬಂದಿದ್ದೇನೆ. ಆಫೀಸಿನಲ್ಲಿ ಡಬ್ಬಿ ಬಿಚ್ಚಿದರೆ, ಬೀಗರ ಊಟದಲ್ಲಿ ಎಲೆ ಮುಂದೆ ಕೂತರೆ ಅದೇ ಪ್ರಶ್ನೆಗಳು ಬರುತ್ತವೆ. ಒಂದು ಕಡೆ ಬರೆದಿಟ್ಟರೆ ನನ್ನ ಬಾಯಿಗೂ ಸ್ವಲ್ಪ ರಜೆ ಸಿಗುತ್ತದೆ. ನಾನು ಡಾಕ್ಟರಲ್ಲ. ಊರು ಕನಕಪುರದ ಹತ್ತಿರ, ಬಾಡಿಗೆ ಮನೆ ನಾಗರಬಾವಿಯಲ್ಲಿ. ಭಾನುವಾರ ಮಟನ್ ಸಾರಿನ ವಾಸನೆ ಬರದಿದ್ದರೆ ಅದು ಭಾನುವಾರವೇ ಅಲ್ಲ ಅನ್ನುವ ಮನೆಯಲ್ಲಿ ಬೆಳೆದವನು.

ಹಾಗಾದರೆ ಈಗ ಪೂರ್ತಿ ವೆಜ್ಜಾ?

ಇಲ್ಲ. ಮೊದಲು ವಾರಕ್ಕೆ ನಾಲ್ಕೈದು ದಿನ ತಿನ್ನುತ್ತಿದ್ದೆ. ನಡುವೆ ಏಳು ತಿಂಗಳು ಪೂರ್ತಿ ಬಿಟ್ಟಿದ್ದೆ. ಈಗ ತಿಂಗಳಿಗೆ ಎರಡು ಸಲ, ಜೊತೆಗೆ ಹೊಸತೊಡಕು ಮತ್ತು ಪಿತೃಪಕ್ಷ. ಮೊಟ್ಟೆ ತಿನ್ನುತ್ತೇನೆ. ಇದಕ್ಕೆ ಹೆಸರೇನು ಅಂತ ಕೇಳಬೇಡಿ. ನಮ್ಮ ದೊಡ್ಡಮ್ಮ "ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ" ಅನ್ನುತ್ತಾರೆ. ಅದೇ ಸರಿಯಾದ ಹೆಸರು.

ಶುರುವಾಗಿದ್ದು ಯಾಕೆ?

ರಕ್ತ ಪರೀಕ್ಷೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸಿಲ ಮೇಲೆ ನಿಂತಿದ್ದೀರಿ ಅಂತ ಲೆಕ್ಕ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಕೂಡ ಜಾಸ್ತಿ ಇತ್ತು. 2023ರಲ್ಲಿ ಹೊರಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಪ್ಪ ಆಗಲೇ ಆ ಲೆಕ್ಕದಲ್ಲಿದ್ದರು. ನಾನು ಸಾಲಿನಲ್ಲಿ ನಿಂತಿದ್ದೆ.

ಬಾಡು ಬಿಟ್ಟಿದ್ದಕ್ಕೆ ಸಕ್ಕರೆ ಇಳೀತಾ?

ನಾನು ಪೂರ್ತಿ ಮುಗ್ಗರಿಸಿದ್ದು ಇಲ್ಲೇ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮೊದಲ ಎರಡು ತಿಂಗಳಲ್ಲಿ ತೂಕ ಮೂರು ಕೆಜಿ ಏರಿತು.

ಬಾಡು ಬಿಟ್ಟೆ ಅನ್ನುವ ಹೆಮ್ಮೆಯಲ್ಲಿ ಏನೇನು ತಿಂದೆ ನೋಡಿ. ಬೆಳಿಗ್ಗೆ ದರ್ಶಿನಿಯಲ್ಲಿ ಚೌಚೌ ಬಾತ್. ಮಧ್ಯಾಹ್ನ ಅನ್ನ, ತಿಳಿ ಸಾಂಬಾರು, ಹಪ್ಪಳ. ಸಂಜೆ ಮೆಣಸಿನಕಾಯಿ ಬಜ್ಜಿ, ಸಕ್ಕರೆ ಹಾಕಿದ ಕಾಫಿ. ರಾತ್ರಿ ಬೆಣ್ಣೆ ಮಸಾಲೆ ದೋಸೆ. ಒಂದರಲ್ಲೂ ಬಾಡಿಲ್ಲ, ಎಲ್ಲವೂ ಅಪ್ಪಟ ವೆಜ್. ಮುಕ್ಕಾಲು ಪಾಲು ಅಕ್ಕಿ, ರವೆ, ಸಕ್ಕರೆ, ಎಣ್ಣೆ. ಮೊದಲು ಅನ್ನದ ಪಕ್ಕ ನಾಲ್ಕು ತುಂಡು ಕೋಳಿಯಾದರೂ ಇರುತ್ತಿತ್ತು, ಈಗ ಆ ಜಾಗಕ್ಕೂ ಅನ್ನವೇ ಬಂದು ಕೂತಿತ್ತು.

ಐಸಿಎಂಆರ್ ಲೆಕ್ಕದಲ್ಲಿ ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಬಾಡು ತಿನ್ನುವವರದೂ ಅದೇ ಕಥೆ, ತಿನ್ನದವರದೂ ಅದೇ ಕಥೆ. ಹಾಗಾಗಿ ತಟ್ಟೆಯಲ್ಲಿ ಮೊದಲು ನೋಡಬೇಕಾದದ್ದು ಅನ್ನದ ಗುಡ್ಡೆ. ಅದನ್ನು ಅರ್ಧ ಮಾಡಿ, ಆ ಜಾಗಕ್ಕೆ ಪಲ್ಯ ಮತ್ತು ಕಾಳು ಹಾಕಿಕೊಂಡ ಮೇಲೆ ನನ್ನ ಸಕ್ಕರೆ ಇಳಿಯಲು ಶುರುವಾಯಿತು. ಈಗ 5.6. ಜೊತೆಗೆ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ದಿನಕ್ಕೆ ಎಷ್ಟು ತರಕಾರಿ ತಿನ್ನಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊಸ ಆಹಾರ ಸೂಚನೆಗಳನ್ನು ಕೊಟ್ಟಿದೆ. ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. 400 ಗ್ರಾಂ ಅಂದರೆ ಸುಮ್ನೆ ಅಲ್ಲ, ಒಂದು ಸಲ ತೂಗಿ ನೋಡಿ. ಒಬ್ಬರಿಗೇ ಒಂದು ದೊಡ್ಡ ಕಟ್ಟು ಸೊಪ್ಪು, ಎರಡು ಹೀರೆಕಾಯಿ. ಸಾಂಬಾರಿನಲ್ಲಿ ತೇಲುವ ಎರಡು ತುಂಡು ನುಗ್ಗೆಕಾಯಿ ಈ ಲೆಕ್ಕಕ್ಕೆ ಎಲ್ಲೂ ಸಾಲದು. ಆಲೂಗಡ್ಡೆಯನ್ನು ತರಕಾರಿ ಅಂತ ಸೇರಿಸಿ ಮೋಸ ಮಾಡಿಕೊಳ್ಳಬೇಡಿ, ನಾನು ಮಾಡಿಕೊಂಡಿದ್ದೇನೆ.

ಪ್ರೋಟೀನ್‌ಗೆ ಏನು ಮಾಡ್ತೀರಾ?

ಜಿಮ್‌ಗೆ ಹೋಗುವ ತಮ್ಮಂದಿರ ಮೊದಲ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ.

ಐಸಿಎಂಆರ್ ಹೇಳುವ ಪ್ರಮಾಣ ದೇಹದ ತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ತೂಕ ಎತ್ತುವವರಿಗೆ ಇನ್ನೂ ಜಾಸ್ತಿ ಬೇಕು.

"ತೊಗರಿ ಬೇಳೆಯಲ್ಲೂ ನೂರಕ್ಕೆ 22 ಗ್ರಾಂ ಪ್ರೋಟೀನ್ ಇದೆ, ಕೋಳಿಯಷ್ಟೇ" ಅಂತ ಕೆಲವರು ಹೇಳುತ್ತಾರೆ. ಅಂಕಿ ಸುಳ್ಳಲ್ಲ. ಆದರೆ ನೂರು ಗ್ರಾಂ ಬೇಳೆಯನ್ನು ಒಂದು ಹೊತ್ತಿಗೆ ಯಾರು ತಿನ್ನುತ್ತಾರೆ? ನಮ್ಮ ಮನೆಯಲ್ಲಿ ಐದು ಜನಕ್ಕೆ ಕುಕ್ಕರಿಗೆ ಹಾಕುತ್ತಿದ್ದದ್ದು ಒಂದು ಲೋಟ, ಸುಮಾರು 200 ಗ್ರಾಂ, ಅದೂ ಎರಡು ಹೊತ್ತಿಗೆ. ಹೊತ್ತಿಗೆ ತಲೆಗೆ 20 ಗ್ರಾಂ ಬೇಳೆ, ಅಂದರೆ 4 ಗ್ರಾಂ ಚಿಲ್ಲರೆ ಪ್ರೋಟೀನ್. ಸಾರು ರುಚಿಯಾಗಿತ್ತು, ಬೇಳೆ ಮಾತ್ರ ಹುಡುಕಬೇಕಿತ್ತು.

ಈಗ ಬೇಳೆಯನ್ನು ಡಬಲ್ ಮಾಡಿದ್ದೇವೆ. ನನ್ನ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ಹೆಸರುಕಾಳಿನ ಉಸಲಿ ಒಂದು ಬಟ್ಟಲು, ಹಸಿ ಕಾಳಿನ ಲೆಕ್ಕದಲ್ಲಿ 40 ಗ್ರಾಂ: 9 ಗ್ರಾಂ ಪ್ರೋಟೀನ್. ಗಟ್ಟಿ ಬೇಳೆ ಸಾರು ಅಥವಾ ಕಾಳು ಸಾರು, ಅದೂ 9. ಒಂದು ಮುದ್ದೆ ಮತ್ತು ಸ್ವಲ್ಪ ಅನ್ನದಿಂದ 12, 13. ಮೊಸರು 200 ಗ್ರಾಂ: 6. ಹಾಲು ಕಾಲು ಲೀಟರ್: 8. ಒಂದು ಹಿಡಿ ಕಡಲೇಕಾಯಿ ಬೀಜ, 30 ಗ್ರಾಂ: 7. ಕೂಡಿ ನೋಡಿ, 50 ದಾಟುತ್ತದೆ. ಮೊಟ್ಟೆ ತಿಂದ ದಿನ ಒಂದಕ್ಕೆ ಇನ್ನೊಂದು ಆರು ಸೇರುತ್ತದೆ.

ಪ್ರೋಟೀನ್ ಅನ್ನುವುದು ಹಲವು ಚಿಕ್ಕ ಅಂಶಗಳಿಂದ ಆಗಿದ್ದು. ಅದರಲ್ಲಿ ಅಕ್ಕಿ, ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು ಅಂತ ಜೋಡಿ ಮಾಡಿದ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು.

ಬೋಂಡಾ ಸೂಪಿನಲ್ಲೂ ಬೇಳೆ ಇರುತ್ತಲ್ವಾ?

ಇರುತ್ತದೆ. ಬೋಂಡಾನೂ ಇರುತ್ತದಲ್ಲಾ.

ಬಿ12 ಬಗ್ಗೆ ಎಲ್ಲರೂ ಹೆದರಿಸ್ತಾರೆ. ನಿಜವಾ?

ನಿಜ. ಇದೊಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ನರಗಳಿಗೆ ಬೇಕಾದ ಬಿ12 ವಿಟಮಿನ್ ಗಿಡದಿಂದ ಬರುವ ಯಾವ ಊಟದಲ್ಲೂ ನಂಬುವಷ್ಟು ಸಿಗುವುದಿಲ್ಲ. ಸೊಪ್ಪಿನಲ್ಲಿಲ್ಲ, ರಾಗಿಯಲ್ಲಿಲ್ಲ, ಮೊಳಕೆ ಕಾಳಿನಲ್ಲಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಸಿಗುತ್ತದೆ. ಲಿವರ್ ಇದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಅದಕ್ಕೇ ಬಾಡು ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ.

ನನಗೆ ಬಿಟ್ಟ ಆರನೇ ತಿಂಗಳಿಗೇ ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಜುಮ್ಮೆನ್ನಲು ಶುರುವಾಯಿತು. ಅಷ್ಟು ಬೇಗ ಹೇಗೆ? ಖಾತೆಯಲ್ಲಿ ಮೊದಲಿಂದಲೂ ಜಾಸ್ತಿ ಇರಲಿಲ್ಲವಂತೆ. ಅದೂ ಅಲ್ಲದೆ ಎರಡು ವರ್ಷದಿಂದ ಎದೆಯುರಿಗೆ ಅಂತ ಮಾತ್ರೆ ನುಂಗುತ್ತಿದ್ದೆ, ಯಾರನ್ನೂ ಕೇಳದೆ. ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಮಾತ್ರೆಗಳನ್ನು ಬಹಳ ದಿನ ತಗೊಂಡರೆ ಊಟದಲ್ಲಿರುವ ಬಿ12 ಸರಿಯಾಗಿ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಹಾಗೇ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇವೆರಡನ್ನೂ ಒಟ್ಟಿಗೆ ನುಂಗುತ್ತಿರುತ್ತಾರೆ. ಅವರು "ನಾವೂ ನಿನ್ನ ಜೊತೆ ಬಾಡು ಬಿಡ್ತೀವಿ" ಅಂದರೆ ಮೊದಲು ಬಿ12 ನೋಡಿಸಿ. ಜುಮ್ಮೆನ್ನುವುದು ಸಕ್ಕರೆಯಿಂದ ಅಂತಲೇ ತಿಳಿದು ಸುಮ್ಮನಿದ್ದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು.

ಪೂರ್ತಿ ಬಿಟ್ಟಿದ್ದ ನಾನು ಮತ್ತೆ ತಿಂಗಳಿಗೆ ಎರಡು ಸಲಕ್ಕೆ ಬಂದಿದ್ದು ಇದರಿಂದಲಾ? ಅಷ್ಟು ದೊಡ್ಡ ಕಾರಣವೇನೂ ಇಲ್ಲ. ಇಂಜೆಕ್ಷನ್, ಮಾತ್ರೆಯಲ್ಲೇ ಸರಿಹೋಯಿತು. ವಾಪಸ್ ಬಂದ ಕಾರಣ ಬೇರೆ, ಕೆಳಗೆ ಇದೆ.

ಸೊಪ್ಪು ತಿಂದರೆ ರಕ್ತ ಆಗುತ್ತೆ ಅಲ್ವಾ?

ಆಗುತ್ತದೆ, ಆದರೆ ನಾವು ಅಂದುಕೊಂಡಷ್ಟು ಸಲೀಸಾಗಿ ಅಲ್ಲ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಮಾಂಸದ ಕಬ್ಬಿಣಾಂಶದಷ್ಟು ಸುಲಭವಾಗಿ ಹೀರುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೀರುವುದು ಜಾಸ್ತಿಯಾಗುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಅರ್ಧ ಸೀಬೆಹಣ್ಣು ತಿನ್ನಿ. ನೆಲ್ಲಿಕಾಯಿ ಸಿಕ್ಕರೆ ಬಿಡಬೇಡಿ.

ಕೆಡಿಸುವುದು ಯಾವುದು ಗೊತ್ತಾ? ಊಟ ಮುಗಿದ ಐದೇ ನಿಮಿಷಕ್ಕೆ ಕುಡಿಯುವ ಫಿಲ್ಟರ್ ಕಾಫಿ. ಕಾಫಿ, ಟೀ ಎರಡೂ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತವೆ. ಒಂದು ಗಂಟೆ ತಡ ಮಾಡಿ. ಬೆಂಗಳೂರಿನಲ್ಲಿ ಇದನ್ನು ಹೇಳುವುದು ಬಾಡು ಬಿಡಿ ಅನ್ನುವುದಕ್ಕಿಂತ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಮನೆಯ ಹೆಂಗಸರು ನಿಮ್ಮ ಜೊತೆಗೆ ಬಾಡು ಬಿಡುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸದೆ ಮುಂದೆ ಹೋಗಬೇಡಿ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳ ವಿಷಯ ಪೂರ್ತಿ ಡಾಕ್ಟರಿಗೇ ಬಿಟ್ಟಿದ್ದು.

ಮೊಟ್ಟೆ ವೆಜ್ಜಾ, ನಾನ್‌ವೆಜ್ಜಾ?

ಪ್ಯಾಕೆಟ್ಟಿನ ಕಾನೂನಿನ ಪ್ರಕಾರ ನಾನ್‌ವೆಜ್. ಮೊಟ್ಟೆ ಹಾಕಿದ ಕೇಕಿನ ಮೇಲೆ ಹಸಿರು ಚುಕ್ಕೆ ಇರುವಂತಿಲ್ಲ. ನಮ್ಮ ಮನೆಯ ಕಾನೂನಿನಲ್ಲಿ ಶನಿವಾರ ನಾನ್‌ವೆಜ್, ಮಿಕ್ಕ ದಿನ ವೆಜ್.

ರಾಗಿ ಮುದ್ದೆ ತಿಂದರೆ ಸಕ್ಕರೆ ಏರಲ್ಲ ಅಂತಾರೆ?

ರಾಗಿ ನನ್ನ ಪ್ರಾಣ. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ನಾರೂ ಜಾಸ್ತಿ. ಆದರೆ 100 ಗ್ರಾಂನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೂ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರದೆ ಇನ್ನೇನು? ಹೊಲ ಉತ್ತು ಬಂದವರ ಮುದ್ದೆಯ ಅಳತೆ ಅದು. ಕುರ್ಚಿಯಲ್ಲಿ ಕೂತು ಬಂದವರಿಗೆ ಟೆನ್ನಿಸ್ ಚೆಂಡಿಗಿಂತ ಸ್ವಲ್ಪ ದೊಡ್ಡದು ಸಾಕು. ಬೆಲ್ಲ ಸುರಿದ ರಾಗಿ ಮಾಲ್ಟ್ ಬೇರೆಯದೇ ವಸ್ತು. ಅದನ್ನು ಈ ಲೆಕ್ಕಕ್ಕೆ ತರಬೇಡಿ.

ನವಣೆ, ಸಾಮೆಯ ಬಗ್ಗೆಯೂ ಇದೇ ಮಾತು. ಚೆನ್ನಾಗಿವೆ, ಅಳತೆ ಇರಲಿ.

ಮಟನ್ ಅಷ್ಟು ಕೆಟ್ಟದ್ದಾ?

ಸಾಸೇಜ್, ಬೇಕನ್, ಸಲಾಮಿ ಥರ ಉಪ್ಪು, ಹೊಗೆ, ಕೆಮಿಕಲ್ ಹಾಕಿ ಇಟ್ಟ ಮಾಂಸದಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ಮಟನ್, ಬೀಫ್, ಪೋರ್ಕ್ ಇರುವ ಕೆಂಪು ಮಾಂಸವನ್ನು ಒಂದು ಮೆಟ್ಟಿಲು ಕೆಳಗೆ, "ಬರುವ ಸಂಭವ ಇದೆ" ಅನ್ನುವ ಗುಂಪಿಗೆ ಸೇರಿಸಿತು. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಬಟ್ಟಲು ಮಟನ್ ಸಾರಿಗೆ ನಾನಂತೂ ಹೆದರುವುದಿಲ್ಲ. ಫ್ರಿಜ್ಜಿನಲ್ಲಿದ್ದ ಚಿಕನ್ ಸಾಸೇಜ್ ಪ್ಯಾಕೆಟ್ಟನ್ನು ಮಾತ್ರ ಅವತ್ತೇ ಬಿಸಾಕಿದೆ.

ಬಾಡಿನ ಆಸೆ ಆದಾಗ ಏನು ಮಾಡ್ತೀರಾ?

ಆಸೆ ಆಗುವುದು ಮುಕ್ಕಾಲು ಪಾಲು ಮಸಾಲೆಗೆ. ಇದನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಲ್ಲಿವರೆಗೆ ಬೇಯಿಸಿದ ಬ್ರಾಕೊಲಿ ಮುಂದೆ ಇಟ್ಟುಕೊಂಡು ಕಣ್ಣೀರು ಹಾಕುವುದೊಂದು ಬಾಕಿ ಇತ್ತು.

ಅಮ್ಮ ಮಟನ್‌ಗೆ ರುಬ್ಬುವ ಮಸಾಲೆಯನ್ನೇ ರುಬ್ಬಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು, ಚಕ್ಕೆ, ಲವಂಗ, ಗಸಗಸೆ, ಸ್ವಲ್ಪ ಹುರಿಗಡಲೆ, ಕಾಯಿ, ಧನಿಯಾ, ಖಾರದ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಅದಕ್ಕೆ ಅಣಬೆ ಹಾಕಿ. ಇಲ್ಲವೇ ಎಳೆ ಹಲಸಿನಕಾಯಿ. ಹಲಸಿನಕಾಯಿಯಲ್ಲಿ ನಾರು ಮಾಂಸದ ಹಾಗೆ ಸೀಳಿ ಬರುತ್ತದೆ, ಪ್ರೋಟೀನ್ ಮಾತ್ರ ಇಲ್ಲ ಅನ್ನುವಷ್ಟು ಕಡಿಮೆ. ಪ್ರೋಟೀನೂ ಬೇಕು ಅಂದರೆ ಸೋಯಾ ಚಂಕ್ಸ್. ಒಣಗಿದ 100 ಗ್ರಾಂನಲ್ಲಿ 50 ಗ್ರಾಂ ಮೇಲಿದೆ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡದಿದ್ದರೆ ವಾಸನೆ ಹೋಗುವುದಿಲ್ಲ.

ಇದೆಲ್ಲ ವರ್ಷದ ಹತ್ತು ತಿಂಗಳ ಮಾತು. ಡಿಸೆಂಬರ್, ಜನವರಿಯಲ್ಲಿ ಇದು ಯಾವುದೂ ಬೇಡ, ಅವರೆಕಾಯಿ ಬಂದಿರುತ್ತದೆ. ಮಾಗಡಿ ಕಡೆಯ ಸೊಗಡು ಅವರೆ. ಬಿಡಿಸುವಾಗಲೇ ಕೈಗೆ ಎಣ್ಣೆಯ ಹಾಗೆ ಅಂಟಿ ಘಮ್ಮನ್ನುತ್ತದೆ. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಹೆಸರಾದ ಅವರೆಬೇಳೆ ಮೇಳ ಇದರ ಹೆಸರಲ್ಲೇ ನಡೆಯುವುದು. ಅಲ್ಲಿ ಅವರೆಬೇಳೆ ಜಿಲೇಬಿಯೂ ಸಿಗುತ್ತದೆ, ಆ ಕಡೆ ತಿರುಗಬೇಡಿ. ಮನೆಗೆ ಕಾಳು ತಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎಲ್ಲರೂ ಕೂತು ಸಿಪ್ಪೆ ಹಿತಕಿ. ಅದೇ ಮಸಾಲೆಯಲ್ಲಿ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಕಳೆದ ಜನವರಿಯಲ್ಲಿ ನಮ್ಮ ಮಾವ, ವಾರಕ್ಕೆ ಮೂರು ದಿನ ಬಾಡು ಬೇಕು ಅನ್ನುವವರು, ಮೂರು ಸಲ ಬಡಿಸಿಕೊಂಡು ಆಮೇಲೆ "ತುಂಡು ಎಲ್ಲಿ?" ಅಂತ ಕೇಳಿದರು.

ಹೊರಗೆ ತಿನ್ನುವಾಗ?

ದರ್ಶಿನಿಯಲ್ಲಿ ಎರಡು ಇಡ್ಲಿಗೆ ಪೂರಿ ಸೇರಿಸಬೇಡಿ. ಅಷ್ಟೇ. ವಾರಕ್ಕೊಂದು ಮಸಾಲೆ ದೋಸೆ ತಪ್ಪೇನಲ್ಲ, ಈ ಊರಿನಲ್ಲಿದ್ದು ಅದನ್ನೂ ಬಿಡಿ ಅಂದರೆ ಯಾಕಾದರೂ ಇರಬೇಕು?

ಗೆಳೆಯರ ಜೊತೆ ಮಿಲಿಟ್ರಿ ಹೋಟೆಲಿಗೆ ಹೋದಾಗ ಒಂದು ಎಚ್ಚರ. "ತುಂಡು ಬೇಡ, ಕುಷ್ಕ ಕೊಡಿ" ಅಂದರೆ ಅದು ವೆಜ್ ಆಗುವುದಿಲ್ಲ. ಬಿರಿಯಾನಿಯದೇ ಅನ್ನ, ಬಾಡಿನ ನೀರಿನಲ್ಲೇ ಬೆಂದಿದ್ದು. ಮೊದಲ ತಿಂಗಳು ಮೂರು ಸಲ ಕುಷ್ಕ ತಿಂದು ವ್ರತ ಕಾಪಾಡಿದೆ ಅಂದುಕೊಂಡಿದ್ದೆ.

ಕಾಳು ತಿಂದರೆ ಗ್ಯಾಸ್ ಆಗುತ್ತಲ್ಲ?

ಮೊದಲ ಎರಡು ವಾರ ಆಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಹೆಸರುಕಾಳಿನಿಂದ ಶುರು ಮಾಡಿ, ಕಡಲೆಕಾಳು ಆಮೇಲೆ. ಒಂದೇ ದಿನ ದೊಡ್ಡ ಬಟ್ಟಲು ತಿಂದು ಬಿಎಂಟಿಸಿ ಬಸ್ ಹತ್ತಬೇಡಿ.

ಖರ್ಚು ಜಾಸ್ತಿನಾ?

ಪನೀರ್, ಅವಕಾಡೊ, ಕೀನ್ವಾ ಅಂತ ಹೊರಟರೆ ಮಟನ್ನೇ ಅಗ್ಗ. ಒಂದು ಕೆಜಿ ಮಟನ್ ದುಡ್ಡಿಗೆ ನಾಲ್ಕು ಕೆಜಿ ಬೇಳೆ ಧಾರಾಳವಾಗಿ ಬರುತ್ತದೆ. ಸೊಪ್ಪಿಗೆ ಹಾಪ್‌ಕಾಮ್ಸ್, ಇಲ್ಲವೇ ಬೆಳಿಗ್ಗೆ ಮನೆ ಮುಂದೆ ಬರುವ ಸೊಪ್ಪಿನಮ್ಮ. ದಂಟು, ಹರಿವೆ, ಚಕ್ಕೋತ ಮೂರೂ ಬೆರೆಸಿ ಒಂದು ಬಸ್ಸಾರು ಮಾಡಿದರೆ ಬಸಿದ ನೀರು ಸಾರು, ಉಳಿದದ್ದು ಪಲ್ಯ. ಒಂದೇ ಒಲೆ, ಎರಡು ಅಡುಗೆ.

ಮನೆಯವರು, ಊರಿನವರು ಏನಂತಾರೆ?

ಮೊದಲು ನಕ್ಕರು. "ಐನೋರಾದ್ಯಾ?" ಅಂದರು. ಈ ನಗುವಿನ ಹಿಂದೆ ಸುಮಾರು ಇದೆ. ನಮ್ಮ ಊರಿನಲ್ಲಿ ಬಾಡು ತಿನ್ನದಿರುವುದು ಬರೀ ನಾಲಿಗೆಯ ವಿಷಯ ಆಗಿರಲಿಲ್ಲ, ಜಾತಿಯ ವಿಷಯ. "ಸಸ್ಯಾಹಾರಿಗಳಿಗೆ ಮಾತ್ರ" ಅನ್ನುವ ಮಾತಿನಿಂದ ಬೆಂಗಳೂರಿನಲ್ಲಿ ನಾನೇ ಎರಡು ಬಾಡಿಗೆ ಮನೆ ಕಳೆದುಕೊಂಡಿದ್ದೇನೆ. ಹಾಗಾಗಿ ನಾನು ಬಾಡು ಬಿಟ್ಟಾಗ ಅಪ್ಪನಿಗೆ ಅನಿಸಿದ್ದು, ಮಗ ನಮ್ಮ ಊಟವನ್ನು ಕೀಳು ಅಂತಿದ್ದಾನೆ ಅಂತ. ಬಾಯಿ ಬಿಟ್ಟು ಹೇಳಲಿಲ್ಲ. ಹೊಸತೊಡಕಿನ ದಿನ ನಾನು ಬೇಡ ಅಂದಾಗ ಅವರೂ ಅರ್ಧಕ್ಕೆ ಎದ್ದರು.

ನಾನು ವಾಪಸ್ ಬಂದದ್ದು ಅದಕ್ಕೆ. ಯುಗಾದಿ ಮಾರನೆಯ ದಿನ, ಪಿತೃಪಕ್ಷದಲ್ಲಿ ತಾತನಿಗೆ ಎಡೆ ಇಟ್ಟ ದಿನ, ಅಪ್ಪನ ಪಕ್ಕ ಕೂತು ತಿನ್ನುತ್ತೇನೆ. ಒಂದೇ ಬಟ್ಟಲು.

ದೊಡ್ಡಮ್ಮನ ಹತ್ತಿರ ಇದನ್ನೆಲ್ಲ ಹೇಳಿಕೊಂಡಾಗ ಅವರು ಬೆರಳು ಮಡಿಸಿ ಎಣಿಸಿದರು. ಸೋಮವಾರ ಇಲ್ಲ, ಶನಿವಾರ ಇಲ್ಲ. ಶ್ರಾವಣ ಪೂರ್ತಿ ಇಲ್ಲ. ಕಾರ್ತಿಕ ಸೋಮವಾರ ಇಲ್ಲ, ಏಕಾದಶಿ ಇಲ್ಲ. ಮಿಕ್ಕ ದಿನ ದುಡ್ಡಿಲ್ಲ. "ನಾವು ವರ್ಷಕ್ಕೆ ಎಷ್ಟು ದಿನ ತಿಂತಿದ್ವಿ ಅಂದ್ಕೊಂಡಿದ್ದೀಯ? ನೀವು ಪಟ್ಟಣಕ್ಕೆ ಹೋಗಿ ದಿನಾ ತಿನ್ನೋಕೆ ಶುರು ಮಾಡಿದ್ರಿ, ಈಗ ಬಿಡೋದನ್ನ ಹೊಸದಾಗಿ ಕಲೀತಿದ್ದೀರಿ."

ಅದಾದ ಮೇಲೆ ಮನೆಯಲ್ಲಿ ನಾನು ಡಯೆಟ್ ಅನ್ನುವುದನ್ನು ನಿಲ್ಲಿಸಿದೆ. "ಶ್ರಾವಣ ನಡೀತಿದೆ" ಅನ್ನುತ್ತೇನೆ. ಯಾರೂ ಎದುರು ಮಾತಾಡುವುದಿಲ್ಲ.

ಬಿ12 ಮಾತ್ರೆ ಯಾವುದು ತಗೊಳ್ತೀರಾ? ಹೆಸರು ಹೇಳಿ.

ಹೇಳಲ್ಲ. ಎದೆಯುರಿ ಮಾತ್ರೆಯನ್ನೂ ನಾನು ಹೀಗೇ ಯಾರದೋ ಹತ್ತಿರ ಹೆಸರು ಕೇಳಿಕೊಂಡು ತಂದಿದ್ದು.